ಸುಳಿವು ಯಾರ ಕೈಯಲ್ಲಿದೆ? ಎರಡರಿಂದ ಐದು ಜನ ಕೂಡಿ ಆಡುವ ಪತ್ತೇದಾರಿ ಆಟಗಳು

ಪತ್ತೇದಾರಿ ಆಟದ ಪೆಟ್ಟಿಗೆ ತೆರೆದು ಅರ್ಧ ಗಂಟೆಯಾಗಿರುತ್ತದೆ. ನಾಲ್ವರಲ್ಲಿ ಒಬ್ಬರು ಕಾಗದಗಳನ್ನೆಲ್ಲ ತಮ್ಮ ಕಡೆ ಎಳೆದುಕೊಂಡು ಕೊಲೆಗಾರನನ್ನು ಹುಡುಕುತ್ತಿರುತ್ತಾರೆ, ಉಳಿದ ಮೂವರು ಚುರುಮುರಿ ಖಾಲಿ ಮಾಡುತ್ತಿರುತ್ತಾರೆ. ಇದು ಆಟದ ದೋಷವೂ ಅಲ್ಲ, ಆ ಒಬ್ಬರ ದೋಷವೂ ಅಲ್ಲ. ಎಲ್ಲ ಮಾಹಿತಿ ಎಲ್ಲರ ಕಣ್ಣೆದುರು ಬಿದ್ದಿದ್ದರೆ ಚುರುಕಾದ ಒಂದು ತಲೆ ಸಾಕು, ಮಿಕ್ಕ ತಲೆಗಳಿಗೆ ಕೆಲಸವಿಲ್ಲ.

ಹಾಗಾಗಿ ಇಂಥ ಆಟ ಆರಿಸುವಾಗ ಪೆಟ್ಟಿಗೆಯ ಮೇಲಿನ ಚಿತ್ರ, ವಯಸ್ಸು, ನಿಮಿಷ ನೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರಿಗೆ ಏನು ಗೊತ್ತಿರುತ್ತದೆ? ಕೆಲವು ಆಟಗಳಲ್ಲಿ ನಿಯಮವೇ ಮಾಹಿತಿಯನ್ನು ಹಂಚಿಟ್ಟಿರುತ್ತದೆ. ಹನಾಬಿ, ಕೋಡ್‌ನೇಮ್ಸ್ ಡ್ಯುಯೆಟ್, ದ ಕ್ರ್ಯೂ ಈ ಬಗೆಯವು. ಇನ್ನು ಕೆಲವದರಲ್ಲಿ ಎಲ್ಲವೂ ಬಯಲು: ಮೈಕ್ರೋಮ್ಯಾಕ್ರೋ, ಶೆರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್, ಎಕ್ಸಿಟ್. ಈ ಎರಡನೇ ಬಗೆಯಲ್ಲಿ ಹಂಚುವ ಕೆಲಸ ಆಡುವವರದ್ದೇ. ಹೊಸಬರ ಗುಂಪಿಗೆ ಮೊದಲ ಬಗೆಯಿಂದ ಶುರು ಮಾಡುವುದು ವಾಸಿ. ಅದರಲ್ಲೂ ಮೊದಲಿನ ಎರಡನ್ನು ದುಡ್ಡು ಖರ್ಚಿಲ್ಲದೆ ಮನೆಯಲ್ಲೇ ಮಾಡಿಕೊಳ್ಳಬಹುದು.

ಇಸ್ಪೀಟೆಲೆಯಲ್ಲಿ ಹನಾಬಿ

ಹನಾಬಿ ಎಂದರೆ ಜಪಾನಿ ಭಾಷೆಯಲ್ಲಿ ಬಾಣಬಿರುಸು. ಆಟ ಮಾತ್ರ ಫ್ರಾನ್ಸಿನದು. ಆಂತ್ವಾನ್ ಬೌಜಾ ರೂಪಿಸಿದ್ದು, 2010ರಲ್ಲಿ ಬಂತು, 2013ರಲ್ಲಿ ಜರ್ಮನಿಯ ‘ಸ್ಪೀಲ್ ದೆಸ್ ಯಾರೆಸ್’ ಪ್ರಶಸ್ತಿ ಪಡೆಯಿತು. ಇದರ ಚಮತ್ಕಾರ ಒಂದೇ: ನಿಮ್ಮ ಕೈಯ ಎಲೆಗಳು ನಿಮಗೆ ಕಾಣುವುದಿಲ್ಲ. ಎಲೆಯ ಬೆನ್ನು ನಿಮ್ಮ ಕಡೆ, ಮುಖ ಉಳಿದವರ ಕಡೆ. ಅವರು ಕೊಡುವ ಸುಳಿವಿನಿಂದ ನಿಮ್ಮ ಕೈಯಲ್ಲಿ ಏನಿದೆ ಎಂದು ನೀವು ಊಹಿಸಬೇಕು.

ಅಂಗಡಿಯ ಪೆಟ್ಟಿಗೆಯಲ್ಲಿ ಐದು ಬಣ್ಣ, 50 ಎಲೆ ಇರುತ್ತವೆ. ಮನೆಯಲ್ಲಿ ಮಾಡಲು ಬೆನ್ನು ಒಂದೇ ಥರ ಇರುವ ಎರಡು ಇಸ್ಪೀಟು ಕಟ್ಟು ಬೇಕು. ಪ್ರತಿ ಜಾತಿಯಿಂದ ಎರಡು ಎಕ್ಕ ಮತ್ತು ಒಂದು ರಾಜ (ಈ ಮೂರೂ ‘ಒಂದು’ ಎಂದೇ ಲೆಕ್ಕ), ಎರಡೆರಡು 2, 3, 4, ಒಂದೇ ಒಂದು 5 ತೆಗೆಯಿರಿ. ಜಾತಿಗೆ 10ರಂತೆ ಒಟ್ಟು 40 ಎಲೆ. ಇಸ್ಪೀಟು, ಕಳಾವರ ಎರಡೂ ಕಪ್ಪಾದ್ದರಿಂದ ಬಣ್ಣ ಹೇಳುವಂತಿಲ್ಲ, ಜಾತಿಯನ್ನೇ ಹೇಳಬೇಕು. ಎಂಟು ಹುಣಿಸೆ ಬೀಜ ಸುಳಿವಿನ ಲೆಕ್ಕಕ್ಕೆ, ಮೂರು ನಾಣ್ಯ ತಪ್ಪಿನ ಲೆಕ್ಕಕ್ಕೆ. ಇಬ್ಬರು ಅಥವಾ ಮೂವರಿದ್ದರೆ ತಲೆಗೆ ಐದೈದು ಎಲೆ, ನಾಲ್ವರು ಅಥವಾ ಐವರಿದ್ದರೆ ನಾಲ್ಕು ನಾಲ್ಕು. ಉಳಿದದ್ದನ್ನು ಮಧ್ಯದಲ್ಲಿ ಕವುಚಿಡಿ.

ಗುರಿ: ನಾಲ್ಕೂ ಜಾತಿಯನ್ನು 1ರಿಂದ 5ರವರೆಗೆ ಕ್ರಮವಾಗಿ ಕಟ್ಟುವುದು. ನಿಮ್ಮ ಸರದಿಯಲ್ಲಿ ಮೂರರಲ್ಲಿ ಒಂದು ಕೆಲಸ ಮಾಡಬೇಕು.

ಸುಳಿವು ಕೊಡುವುದು. ಒಂದು ಬೀಜ ತೆಗೆದಿಟ್ಟು, ಒಬ್ಬರಿಗೆ ಒಂದು ಜಾತಿ ಅಥವಾ ಒಂದು ಅಂಕಿ ಹೇಳಿ, ಅದಕ್ಕೆ ಹೊಂದುವ ಎಲೆಗಳನ್ನೆಲ್ಲ ಮುಟ್ಟಿ ತೋರಿಸಬೇಕು. ಅಮ್ಮನ ಕೈಯಲ್ಲಿ ಮೂರು ಆಟೀನು ಇದ್ದರೆ ಮೂರನ್ನೂ ತೋರಿಸಬೇಕು, ಬೇಕಾದ ಎರಡನ್ನೇ ತೋರಿಸಿ ಒಂದನ್ನು ಬಿಡುವಂತಿಲ್ಲ.

ಎಸೆಯುವುದು. ನಿಮ್ಮದೊಂದು ಎಲೆ ಮುಖ ಮೇಲೆ ಮಾಡಿ ಬಿಟ್ಟರೆ ಒಂದು ಬೀಜ ವಾಪಸು ಬರುತ್ತದೆ. ಎಂಟೂ ಬೀಜ ಇರುವಾಗ ಎಸೆಯುವಂತಿಲ್ಲ.

ಇಳಿಸುವುದು. ಎಲೆ ಸರಿಯಾಗಿ ಕೂತರೆ ಸರಿ. ಕೂರದಿದ್ದರೆ ಅದು ಎಸೆದ ಎಲೆಗಳ ಜೊತೆ ಹೋಗುತ್ತದೆ, ಒಂದು ನಾಣ್ಯವೂ ಹೋಗುತ್ತದೆ. ಮೂರನೇ ನಾಣ್ಯ ಹೋದರೆ ಆಟ ಮುಗಿಯಿತು. ಯಾವುದಾದರೂ ಜಾತಿಗೆ 5 ಕೂತರೆ ಒಂದು ಬೀಜ ಉಚಿತ.

ಎಸೆದಾಗಲೂ ಇಳಿಸಿದಾಗಲೂ ಮಧ್ಯದಿಂದ ಹೊಸ ಎಲೆ ಬರುತ್ತದೆ. ಮಧ್ಯದ ಕೊನೇ ಎಲೆ ಎಳೆದ ಮೇಲೆ, ಎಳೆದವರೂ ಸೇರಿ ಎಲ್ಲರಿಗೂ ಇನ್ನೊಂದೊಂದು ಸರದಿ. ಆಮೇಲೆ ಮೇಜಿನ ಮೇಲೆ ಕೂತ ಎಲೆಗಳನ್ನು ಎಣಿಸಿ. 20 ಬಂದರೆ ಪೂರ್ತಿ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಆಟದ ಗುಟ್ಟು ಬಿಡುತ್ತದೆ. ಮೂವರು ಆಡುವಾಗ ಕೈಗಳಲ್ಲಿ 15, ಮಧ್ಯದಲ್ಲಿ 25. ಎಲೆ ಕೈಬಿಡುವ ಅವಕಾಶ 25, ಕೊನೆಯ ಸುತ್ತಿನ 3 ಸೇರಿ 28. ಇಳಿಸಬೇಕಾದ್ದು 20. ಅಂದರೆ ಪೂರ್ತಿ ಅಂಕ ಬೇಕಿದ್ದರೆ ಎಂಟಕ್ಕಿಂತ ಹೆಚ್ಚು ಎಲೆ ಎಸೆಯುವಂತಿಲ್ಲ. ನಾಲ್ವರಿಗೂ ಎಂಟೇ. ಇಬ್ಬರಿಗೆ 12 ಸಿಗುತ್ತದೆ, ಐವರಿಗೆ ಬರೀ 5. ತಪ್ಪಾಗಿ ಇಳಿಸಿದ್ದೂ ಇದೇ ಲೆಕ್ಕದಲ್ಲಿ ಕಳೆಯುತ್ತದೆ. ಇನ್ನು ಸುಳಿವು: ಮೊದಲಿನ 8, ಎಸೆದು ಗಳಿಸುವ 8, ಮೊದಲ ಮೂರು ಐದುಗಳಿಂದ 3, ಒಟ್ಟು 19. ಇಳಿಸಬೇಕಾದ ಎಲೆ 20, ಕೈಲಿರುವ ಸುಳಿವು 19! ಒಂದು ಎಲೆಗೆ ‘ಇದು ಕಳಾವರ’ ಎಂದು ಒಮ್ಮೆ, ‘ಇದು ಎರಡು’ ಎಂದು ಇನ್ನೊಮ್ಮೆ ಹೇಳುತ್ತ ಕೂತರೆ ಅರ್ಧದಲ್ಲೇ ಬೀಜ ಮುಗಿಯುತ್ತದೆ. ಒಂದು ಸುಳಿವು ಎರಡು ಎಲೆಗೆ ಕೆಲಸ ಮಾಡಬೇಕು, ಅಥವಾ ಹೇಳಿದ್ದಕ್ಕಿಂತ ಹೆಚ್ಚು ಅರ್ಥ ಹೊರಬೇಕು.

ಹೆಚ್ಚು ಅರ್ಥ ಹೊರಬೇಕಾದರೆ ಆಟಕ್ಕೆ ಮುಂಚೆ ಒಪ್ಪಂದ ಬೇಕು. ಮೂರು ಒಪ್ಪಂದ ಸಾಕು. ಒಂದು, ಹೊಸ ಎಲೆ ಯಾವಾಗಲೂ ಎಡತುದಿಗೆ ಸೇರಬೇಕು, ಹಾಗಾಗಿ ಬಲತುದಿಯದ್ದೇ ಅತಿ ಹಳೆಯದು. ಎರಡು, ಎಸೆಯುವುದಾದರೆ ಸುಳಿವು ಬೀಳದ ಎಲೆಗಳಲ್ಲಿ ಅತಿ ಹಳೆಯದನ್ನೇ ಎಸೆಯಬೇಕು. ಮೂರು, ಸುಳಿವು ಆ ಎಸೆಯಲಿರುವ ಎಲೆಗೆ ತಾಗಿದರೆ ‘ಇದನ್ನು ಬಿಡಬೇಡ’ ಎಂದರ್ಥ, ಬೇರೆ ಎಲೆಗೆ ತಾಗಿದರೆ ‘ಇಳಿಸು’ ಎಂದರ್ಥ. ಇಷ್ಟಾದರೆ ಮುಂದಿನ ಸರದಿಯಲ್ಲಿ ಯಾರು ಯಾವ ಎಲೆ ಎಸೆಯುತ್ತಾರೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಅದು 5 ಆಗಿದ್ದರೆ, ಅಥವಾ ಜೋಡಿ ಈಗಾಗಲೇ ಎಸೆದುಹೋದ ಎಲೆಯಾಗಿದ್ದರೆ, ಬೀಜ ಖರ್ಚು ಮಾಡಿ ತಡೆಯಿರಿ. ಹಾಗಲ್ಲದಿದ್ದರೆ ಸುಮ್ಮನಿರಿ. ಹೊಸಬರು ಹೆದರಿ ಎಲ್ಲವನ್ನೂ ಕಾಪಾಡಲು ಹೋಗಿ ಬೀಜ ಕಳೆಯುತ್ತಾರೆ.

ಕೆಡುವುದು ಎಲ್ಲಿ? ಬಹುಪಾಲು ಮುಖದಲ್ಲಿ. ಯಾರೋ ತಪ್ಪು ಎಲೆಗೆ ಕೈಹಾಕಿದಾಗ ಹೊರಡುವ ‘ಅಯ್ಯೋ’ ಇದೆಯಲ್ಲ, ಅದು ಬೀಜ ಕೊಡದೆ ಕೊಟ್ಟ ಸುಳಿವು. ಅದನ್ನು ನಿಲ್ಲಿಸಲು ನಿಯಮಕ್ಕಿಂತ ಅಭ್ಯಾಸ ಒಳ್ಳೆಯದು: ಒಬ್ಬರ ಸರದಿ ನಡೆಯುವಾಗ ಉಳಿದವರು ಮೇಜಿನ ಮೇಲಿನ ಎಲೆ ನೋಡುತ್ತಿರಲಿ, ಮುಖ ನೋಡುವುದು ಬೇಡ. ಎರಡನೆಯದು ಕೂರುವ ಜಾಗ. ಆರಿಸಿದ ಟಿವಿ ಪರದೆ, ಶೋಕೇಸಿನ ಗಾಜು ಎದುರಿಗಿದ್ದರೆ ನಿಮ್ಮ ಎಲೆ ನಿಮಗೇ ಕಾಣುತ್ತದೆ. ಮೂರನೆಯದು ರಾಜ. ‘ಒಂದು’ ಎಂಬ ಸುಳಿವಿಗೆ ಎಕ್ಕ ತೋರಿಸಿ ರಾಜನನ್ನು ಮರೆಯುವುದು ಮೊದಲ ಆಟದಲ್ಲಿ ಆಗೇ ಆಗುತ್ತದೆ. ರಾಜನ ಮೂಲೆಯಲ್ಲಿ ಸ್ಕೆಚ್ ಪೆನ್ನಿನಲ್ಲಿ 1 ಬರೆದುಬಿಡಿ, ಬೆನ್ನ ಕಡೆ ಮಸಿ ಇಳಿಯದಂತೆ ನೋಡಿಕೊಳ್ಳಿ.

ತುರುಪು ಆಟ ಬಲ್ಲ ಗುಂಪಾದರೆ ದ ಕ್ರ್ಯೂ ಇನ್ನೂ ಬೇಗ ಹಿಡಿಸುತ್ತದೆ. ಎಲ್ಲರೂ ಒಂದೇ ಪಕ್ಷ, ಇಂಥ ಎಲೆ ಇಂಥವರೇ ಗೆಲ್ಲಬೇಕು ಎಂಬ ಹಂಚಿಕೆ, ಮಾತಾಡುವಂತಿಲ್ಲ, 50 ಹಂತ. ಒಂದು ಹಂತದಲ್ಲಿ ಒಬ್ಬೊಬ್ಬರು ಒಂದೇ ಸಲ ಒಂದು ಎಲೆ ಬಿಚ್ಚಿಟ್ಟು ‘ಈ ಬಣ್ಣದಲ್ಲಿ ನನ್ನ ಬಳಿ ಇದೇ ದೊಡ್ಡದು’, ‘ಇದೇ ಚಿಕ್ಕದು’ ಅಥವಾ ‘ಇದೊಂದೇ’ ಎಂದು ಸೂಚಿಸಬಹುದು. ಎರಡು ಮತ್ತು ಐದು ಜನಕ್ಕೂ ಆಗುತ್ತದೆ, ಆದರೆ ಮೂರು ನಾಲ್ಕು ಜನಕ್ಕೆ ಹೇಳಿ ಮಾಡಿಸಿದ್ದು.

ಕನ್ನಡ ಪದಗಳಲ್ಲಿ ಡ್ಯುಯೆಟ್

ಕೋಡ್‌ನೇಮ್ಸ್ ಡ್ಯುಯೆಟ್ 2017ರದು, ವ್ಲಾದಾ ಖ್ವಾತಿಲ್ ಮತ್ತು ಸ್ಕಾಟ್ ಈಟನ್ ರೂಪಿಸಿದ್ದು. ಮೇಜಿನ ಮೇಲೆ ಐದು ಸಾಲು, ಸಾಲಿಗೆ ಐದು ಪದ. ಇಬ್ಬರ ಬಳಿಯೂ ಬೇರೆ ಬೇರೆ ನಕ್ಷೆ, ಯಾವ ಪದ ಹಸಿರು, ಯಾವುದು ಖಾಲಿ, ಯಾವುದು ಕಪ್ಪು (ಮುಟ್ಟಿದರೆ ಸೋಲು) ಎಂದು ತೋರಿಸುವುದು. ನಿಮ್ಮ ನಕ್ಷೆಯಲ್ಲಿರುವ ಹಸಿರು ಪದಗಳನ್ನು ಎದುರಿನವರಿಂದ ಮುಟ್ಟಿಸಬೇಕು, ಅವರ ಹಸಿರನ್ನು ನೀವು ಮುಟ್ಟಬೇಕು. ಇಂಗ್ಲಿಷ್ ಪೆಟ್ಟಿಗೆಯನ್ನು ಕನ್ನಡದ ಮನೆಯಲ್ಲಿ ಆಡಿದರೆ ಯಾರ ಇಂಗ್ಲಿಷ್ ಚೆನ್ನಾಗಿದೆಯೋ ಅವರದ್ದೇ ಆಟ. ಕನ್ನಡದ ಪದಗಳನ್ನು ಹಾಕಿಕೊಂಡರೆ ಆಟವೇ ಬೇರೆ, ಏಕೆಂದರೆ ಈ ಆಟಕ್ಕೆ ಬೇಕಾದ್ದು ಎರಡು ಮೂರು ಅರ್ಥದ ಪುಟ್ಟ ಪದಗಳು, ಅವಕ್ಕೆ ಕನ್ನಡದಲ್ಲಿ ಬರವಿಲ್ಲ.

ರಟ್ಟಿನ ಚೀಟಿಗಳಲ್ಲಿ ಕನಿಷ್ಠ 100 ಪದ ಬರೆಯಿರಿ. ನೆರೆ, ಸುಳಿ, ಪಾತ್ರ, ಎಲೆ, ಕಾಲು, ಮಡಿ, ಅಡಿ, ಕರಿ, ಕಳೆ, ಬೆಳೆ, ಆರು, ಏಳು, ಹತ್ತು, ಹರಿ, ಅರಸು, ತಿಂಗಳು, ಗುಂಡು, ಬರೆ, ಅಂಕ, ಕೊನೆ, ಇಂಥವು. ಉದ್ದದ ಸಮಾಸಪದ, ಬರೀ ಒಂದೇ ಅರ್ಥದ ವಸ್ತುವಿನ ಹೆಸರು ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಚೀಟಿಯ ಎರಡು ತುದಿಯಲ್ಲೂ ತಲೆಕೆಳಗಾಗಿ ಒಂದೊಂದು ಸಲ ಬರೆದರೆ ಎದುರು ಬದುರು ಕೂತವರಿಬ್ಬರಿಗೂ ಓದಲು ಸುಲಭ.

ನಕ್ಷೆ ಮಾಡುವುದಕ್ಕೆ ಸರಿಯಾದ ಎಣಿಕೆ ಬೇಕು, ಇಲ್ಲೇ ಮನೆಯಲ್ಲಿ ಮಾಡಿದ ಆಟಗಳು ಹಳಿ ತಪ್ಪುವುದು. 25 ತುಂಡು ಕಾಗದ ತೆಗೆದುಕೊಂಡು ಪ್ರತಿಯೊಂದರ ಮೇಲೂ ಎರಡು ಮಾತು ಬರೆಯಿರಿ, ಮೊದಲನೆಯದು ಒಬ್ಬರಿಗೆ, ಎರಡನೆಯದು ಇನ್ನೊಬ್ಬರಿಗೆ:

ಹಸಿರು–ಹಸಿರು 3
ಹಸಿರು–ಖಾಲಿ 5
ಖಾಲಿ–ಹಸಿರು 5
ಹಸಿರು–ಕಪ್ಪು 1
ಕಪ್ಪು–ಹಸಿರು 1
ಕಪ್ಪು–ಕಪ್ಪು 1
ಕಪ್ಪು–ಖಾಲಿ 1
ಖಾಲಿ–ಕಪ್ಪು 1
ಖಾಲಿ–ಖಾಲಿ 7

ಕಲಸಿ ಐದು ಸಾಲಾಗಿ ಹರಡಿ. ಮೊದಲ ಮಾತುಗಳನ್ನು ಒಂದು ಚೀಟಿಯ ಚೌಕಗಳಿಗೆ, ಎರಡನೆಯವನ್ನು ಇನ್ನೊಂದು ಚೀಟಿಗೆ ಇಳಿಸಿ. ಎರಡಕ್ಕೂ ಒಂದೇ ಅಂಚಿನಲ್ಲಿ ಬಾಣದ ಗುರುತು ಹಾಕಿ. ಆಡುವಾಗ ಇಬ್ಬರೂ ಬಾಣವನ್ನು ಒಂದೇ ಗೋಡೆಯ ಕಡೆ, ಉದಾಹರಣೆಗೆ ಕಿಟಕಿಯ ಕಡೆ, ತಿರುಗಿಸಿ ಹಿಡಿಯಬೇಕು. ಹೀಗೆ ಹಿಡಿಯದೆ ಇಬ್ಬರೂ ಬಾಣವನ್ನು ಮೇಲಕ್ಕೆ ಹಿಡಿದರೆ ಎದುರಿನವರ ನಕ್ಷೆ ತಲೆಕೆಳಗಾಗಿ ಇಡೀ ಆಟ ತಪ್ಪುತ್ತದೆ, ಅದು ತಿಳಿಯುವುದು ಆಟ ಸೋತ ಮೇಲೆ. ಹತ್ತು ಜೋಡಿ ಮಾಡಿಟ್ಟರೆ ನಾಲ್ಕು ಗೋಡೆಗೆ ನಾಲ್ಕು ಥರ, ಒಟ್ಟು 40 ಆಟ. ಮಾಡಿದವರಿಗೆ ನೆನಪಿದ್ದೀತೆಂಬ ಭಯವಿದ್ದರೆ ಆವತ್ತು ಆಡದವರಿಂದ ಮಾಡಿಸಿ.

ಸರದಿಯಲ್ಲಿ ಒಬ್ಬರು ಒಂದು ಪದ, ಒಂದು ಸಂಖ್ಯೆ ಹೇಳುತ್ತಾರೆ, ಅಷ್ಟೇ. ಎದುರಿನವರು ಒಂದೊಂದಾಗಿ ಪದ ಮುಟ್ಟುತ್ತಾರೆ. ನೋಡಬೇಕಾದ್ದು ಸುಳಿವು ಕೊಟ್ಟವರ ನಕ್ಷೆ. ಹಸಿರಾದರೆ ಅದರ ಮೇಲೊಂದು ಹಸಿರು ಚೀಟಿ, ಮುಂದುವರಿಸಬಹುದು. ಖಾಲಿಯಾದರೆ ಸರದಿ ಮುಗಿಯಿತು, ಮುಟ್ಟಿದವರ ಕಡೆ ತುದಿ ಮಾಡಿ ಒಂದು ಬೆಂಕಿಕಡ್ಡಿ ಇಡಿ. ಆ ಪದ ಇನ್ನೊಬ್ಬರ ನಕ್ಷೆಯಲ್ಲಿ ಇನ್ನೂ ಹಸಿರಾಗಿರಬಹುದಲ್ಲ, ಅದಕ್ಕೆ ಈ ಗುರುತು. ಕಪ್ಪಾದರೆ ಎಲ್ಲರೂ ಸೋತಂತೆ. ಒಟ್ಟು 15 ಹಸಿರು, ಸುಳಿವಿನ ಸರದಿ 9. ಅಂದರೆ ‘ಒಂದು’ ಎಂಬ ಸುಳಿವನ್ನು ಮೂರು ಸಲ ಕೊಟ್ಟರೆ ಉಳಿದ ಆರೂ ಸರದಿಯಲ್ಲಿ ಎರಡೆರಡು ಬರಲೇಬೇಕು.

ಸುಳಿವು ಹೇಗಿರಬೇಕು ಎನ್ನುವುದಕ್ಕೆ ಒಂದು ಸಂದರ್ಭ. ನೆರೆ, ಸುಳಿ ನಿಮಗೆ ಹಸಿರು. ತಟ್ಟನೆ ಬರುವುದು ‘ಹೊಳೆ, ಎರಡು’. ಆದರೆ ಮೇಜಿನ ಮೇಲೆ ‘ಪಾತ್ರ’ ಕೂಡ ಇದೆ, ನಿಮ್ಮ ನಕ್ಷೆಯಲ್ಲಿ ಅದು ಕಪ್ಪು. ಹೊಳೆಗೂ ಪಾತ್ರವಿದೆ! ಆಗ ‘ತಲೆ, ಎರಡು’ ಎನ್ನಿ. ತಲೆ ನೆರೆಯುತ್ತದೆ, ತಲೆಯಲ್ಲಿ ಸುಳಿ ಇರುತ್ತದೆ, ಪಾತ್ರಕ್ಕೂ ತಲೆಗೂ ಸಂಬಂಧವಿಲ್ಲ. ಮೊದಲು ಕಪ್ಪು ಮೂರನ್ನು ನೋಡಿ, ಆಮೇಲೆ ಹಸಿರಿಗೆ ಪದ ಹುಡುಕುವ ರೂಢಿ ಮಾಡಿಕೊಳ್ಳಿ. ಉಲ್ಟಾ ಮಾಡುವವರೇ ಹೆಚ್ಚು.

ಊಹೆಯ ಇನ್ನೊಂದು ಪದರ ನಕ್ಷೆಯೊಳಗೇ ಇದೆ. ನಿಮ್ಮ ಮೂರು ಕಪ್ಪಿನಲ್ಲಿ ಒಂದು ಎದುರಿನವರಿಗೆ ಹಸಿರು, ಒಂದು ಕಪ್ಪು, ಒಂದು ಖಾಲಿ. ಹಾಗಾಗಿ ಅವರ ಸುಳಿವು ನಿಮ್ಮ ಕಪ್ಪು ಪದದ ಕಡೆಗೇ ಬೊಟ್ಟು ಮಾಡುತ್ತಿದ್ದರೆ ಅದು ತಪ್ಪೆಂದು ಬಿಡಬೇಡಿ. ಅಂಥದ್ದೊಂದು ಇದ್ದೇ ಇರುತ್ತದೆ.

ಕನ್ನಡಕ್ಕೆಂದೇ ಎರಡು ನಿಯಮ ಸೇರಿಸಬೇಕು. ಸುಳಿವಿಗೆ ವಿಭಕ್ತಿ, ಪ್ರತ್ಯಯ ಹಚ್ಚುವಂತಿಲ್ಲ. ‘ಹೊಳೆಯಲ್ಲಿ’ ಎಂದರೆ ಒಂದಲ್ಲ, ಎರಡು ಸುಳಿವು. ಮೇಜಿನ ಮೇಲಿನ ಪದ ಒಳಗೆ ಅಡಗಿರುವ ಸಮಾಸವೂ ಬೇಡ, ‘ಎಲೆ’ ಇರುವಾಗ ‘ವೀಳ್ಯದೆಲೆ’ ಎನ್ನುವಂತಿಲ್ಲ. ಇನ್ನು ಊರಿನ ಪ್ರಶ್ನೆ. ಕರಾವಳಿಯವರಿಗೆ ‘ಅಂಕ’ ಎಂದೊಡನೆ ಕೋಳಿ ನೆನಪಾಗುತ್ತದೆ, ಮಲೆನಾಡಿನ ತೋಟದವರಿಗೆ ‘ಕೊನೆ’ ಎಂದರೆ ಅಡಿಕೆ. ಧಾರವಾಡದವರಿಗೆ ಅವೆರಡೂ ಮಾರ್ಕ್ಸು ಮತ್ತು ಮುಕ್ತಾಯ. ಎದುರಿಗೆ ಯಾರಿದ್ದಾರೆ ಎಂದು ನೋಡಿ ಸುಳಿವು ಕೊಡುವುದು ಈ ಆಟದ ಅರ್ಧ ಕೌಶಲ. ನಾಲ್ವರಿದ್ದರೆ ಬದಿಗೆ ಇಬ್ಬರು. ಸುಳಿವು ಕೊಡುವಾಗ ಜೊತೆಗಾರರು ಪಿಸುಮಾತಿನಲ್ಲಿ ಚರ್ಚಿಸಿದರೆ ಎದುರಿನವರಿಗೆ ಕೇಳುತ್ತದೆ, ಕಾಗದದಲ್ಲಿ ಬರೆದು ತೋರಿಸಲಿ.

ಎಲ್ಲವೂ ಬಯಲಾಗಿರುವ ಆಟಗಳು

ಮೈಕ್ರೋಮ್ಯಾಕ್ರೋ ಕ್ರೈಮ್ ಸಿಟಿ 2021ರ ಸ್ಪೀಲ್ ದೆಸ್ ಯಾರೆಸ್. 75 ಸೆಂಟಿಮೀಟರ್ ಅಗಲ, 110 ಉದ್ದದ ಕಪ್ಪು ಬಿಳುಪು ನಗರದ ಚಿತ್ರ, 16 ಪ್ರಕರಣ, 120 ಚೀಟಿ. ಒಬ್ಬನೇ ಮನುಷ್ಯ ಚಿತ್ರದಲ್ಲಿ ಹಲವು ಕಡೆ ಬರುತ್ತಾನೆ, ಪ್ರತಿಯೊಂದೂ ಬೇರೆ ಹೊತ್ತು. ಹೆಣ ಸಿಕ್ಕ ಜಾಗದಿಂದ ಹಿಂದಕ್ಕೆ ಹೋಗುತ್ತ, ಆ ಟೋಪಿ, ಆ ಚೀಲ ಮೊದಲು ಎಲ್ಲಿ ಕಂಡಿತ್ತು ಎಂದು ಬೀದಿ ಬೀದಿ ಹುಡುಕುವುದೇ ಆಟ. ಓದುವುದು ಕಡಿಮೆ, ನೋಡುವುದು ಹೆಚ್ಚು. ಒಬ್ಬರು ಚೀಟಿಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದರೆ ಅಜ್ಜಿಯೂ ಆಡಬಹುದು, ಅಜ್ಜಿಯ ಕಣ್ಣು ಒಪ್ಪಿದರೆ.

ಇಲ್ಲಿ ಕೆಲಸ ಹಂಚುವ ಕ್ರಮ: ಒಬ್ಬರು ಸತ್ತವನ ಜಾಡು, ಒಬ್ಬರು ಶಂಕಿತನ ಜಾಡು, ಒಬ್ಬರು ಚೀಟಿ. ಚೀಟಿ ಹಿಡಿದವರು ಹಿಂಬದಿಯ ಉತ್ತರವನ್ನು ಎಲ್ಲರೂ ಒಪ್ಪಿದ ಮೇಲಷ್ಟೇ ತಿರುಗಿಸಬೇಕು. ಒಂದೊಂದು ಪ್ರಕರಣಕ್ಕೂ ಕೆಲಸ ಬದಲಾಗಲಿ. ಮೂರು ನಾಲ್ಕು ಪ್ರಕರಣ ಆದ ಮೇಲೆ ಮೊದಲ ಚೀಟಿ ಮಾತ್ರ ಓದಿ, ಕಥೆ ಪೂರ್ತಿ ಬಿಡಿಸಿ, ಕೊನೆಗೆ ಉಳಿದ ಚೀಟಿಗಳನ್ನು ನೋಡಿ. ಆಟಕ್ಕೆ ರುಚಿ ಬರುವುದು ಆಗಲೇ. ನಾಲ್ಕು ಜನರ ಊಟದ ಮೇಜು ನಕ್ಷೆಗೆ ಕಷ್ಟದಿಂದ ಸಾಕಾಗುತ್ತದೆ, ಕಾಫಿ ಲೋಟಕ್ಕೆ ಬೇರೆ ಸ್ಟೂಲು ನೋಡಿ. ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಬಗ್ಗಿದವರ ನೆರಳೇ ಚಿತ್ರದ ಮೇಲೆ ಬೀಳುವುದರಿಂದ ಪಕ್ಕದಿಂದ ಒಂದು ದೀಪ ಬೇಕು. ಮಡಿಕೆಗಳು ಕೂಡುವ ಮೂಲೆ ಮೊದಲು ಹರಿಯುತ್ತದೆ, ಮೊದಲ ದಿನವೇ ಹಿಂದಿನಿಂದ ಸೆಲ್ಲೋಟೇಪು ಹಚ್ಚಿಬಿಡಿ. ಚಿತ್ರ ಮಕ್ಕಳ ಪುಸ್ತಕದಂತೆ ಕಂಡರೂ ಒಳಗಿರುವುದು ಕೊಲೆ, ಅಕ್ರಮ ಸಂಬಂಧ. ಚಿಕ್ಕವರಿಗೆ ಕೊಡುವ ಮುಂಚೆ ದೊಡ್ಡವರು ಪ್ರಕರಣ ನೋಡಿಕೊಳ್ಳಲಿ.

ಶೆರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್ ಹಳೆಯದು, 1981ರದು. 1985ರ ಸ್ಪೀಲ್ ದೆಸ್ ಯಾರೆಸ್ ಇದಕ್ಕೇ ಸಿಕ್ಕಿತು. ದಾಳ ಇಲ್ಲ, ಕಾಯಿ ಇಲ್ಲ. ಲಂಡನ್ನಿನ ನಕ್ಷೆ, ವಿಳಾಸಗಳ ಪಟ್ಟಿ, ಆವತ್ತಿನ ಪತ್ರಿಕೆ, ಪ್ರಕರಣದ ಪುಸ್ತಕ, ಇಷ್ಟೇ. ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಿ, ಆ ವಿಳಾಸದ ಭಾಗ ಓದಬೇಕು. ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರ, ಹೋಮ್ಸ್‌ಗಿಂತ ಹೆಚ್ಚು ಕಡೆ ಅಲೆದಿದ್ದರೆ ಒಂದೊಂದು ಭೇಟಿಗೂ 5 ಅಂಕ ಕಡಿತ. ಹೋಮ್ಸ್ ನಂಬಲಾಗದಷ್ಟು ಕಡಿಮೆ ಓಡಾಟದಲ್ಲಿ ಮುಗಿಸುತ್ತಾನೆ. ಆ ಅಂಕವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪ್ರಶ್ನೆಗಳಿಗೆ ಸರಿಯುತ್ತರ ಬಂದರೆ ಗೆದ್ದಂತೆ.

ಪೆಟ್ಟಿಗೆ ಎಂಟು ಜನ ಎನ್ನುತ್ತದೆ. ನಾಲ್ಕಕ್ಕಿಂತ ಹೆಚ್ಚಾದರೆ ಅರ್ಧ ಜನ ನಿದ್ದೆ ಹೋಗುತ್ತಾರೆ. ಒಂದು ಭೇಟಿಗೆ ಒಬ್ಬರು ಮುಖ್ಯಸ್ಥರು, ಎಲ್ಲರ ಮಾತು ಕೇಳಿ ಎಲ್ಲಿಗೆ ಹೋಗುವುದೆಂದು ಅವರೇ ತೀರ್ಮಾನಿಸಿ, ಅವರೇ ಓದಿ, ಪುಸ್ತಕವನ್ನು ಬಲಗಡೆಯವರಿಗೆ ದಾಟಿಸಬೇಕು. ತೀರ್ಮಾನಕ್ಕೆ ಮುಂಚೆ ‘ಅಲ್ಲಿಗೆ ಹೋದರೆ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ’ ಎಂದು ಒಂದು ವಾಕ್ಯದಲ್ಲಿ ಹೇಳಲಿ. ಹೇಳಲಾಗದಿದ್ದರೆ ಹೋಗಬೇಡಿ. ಪತ್ರಿಕೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಹಂಚಿ, ಅದರಲ್ಲಿರುವುದಕ್ಕೆ ಅವರೇ ಹೊಣೆ. ಹಿಂದಿನ ತಾರೀಖಿನ ಪತ್ರಿಕೆಗಳಲ್ಲೂ ಸುಳಿವಿರುವುದರಿಂದ ಪ್ರಕರಣಗಳನ್ನು ಕ್ರಮವಾಗಿಯೇ ಆಡಬೇಕು. ಓದುವವರು ಇಂಗ್ಲಿಷಿನ ಒಂದೊಂದು ಪ್ಯಾರಾ ಮುಗಿಸಿ ಕನ್ನಡದಲ್ಲಿ ಸಾರ ಹೇಳಬಹುದು. ಆದರೆ ಹೆಸರು, ಹೊತ್ತು, ಬೀದಿ, ಉದ್ಧರಣ ಚಿಹ್ನೆಯೊಳಗಿನ ಮಾತುಗಳನ್ನು ಇದ್ದ ಹಾಗೇ ಟಿಪ್ಪಣಿ ಪುಸ್ತಕಕ್ಕೆ ಇಳಿಸಿ. ಸಾರದಲ್ಲಿ ಕಳೆದುಹೋಗುವುದು ಇವೇ, ಸುಳಿವು ಅಡಗುವುದೂ ಇವುಗಳಲ್ಲೇ. ಟಿಪ್ಪಣಿಗೆ ನಾಲ್ಕು ಕಂಬಸಾಲು: ಯಾರು, ಎಲ್ಲಿ, ಯಾವಾಗ, ಹೇಳಿದ್ದು ಯಾರು. ನಾಲ್ಕನೆಯದನ್ನು ಬಿಟ್ಟವರು ಸುಳ್ಳು ಸಾಕ್ಷಿಯನ್ನು ನಿಜವೆಂದು ಹಿಡಿದುಕೊಂಡು ಲಂಡನ್ನೆಲ್ಲ ಸುತ್ತುತ್ತಾರೆ.

ಎಕ್ಸಿಟ್ ಸರಣಿಯ ಆಟಗಳನ್ನು ಒಂದೇ ಸಲ ಆಡಬಹುದು, ಕಾಗದ ಕತ್ತರಿಸಿ ಮಡಚಿ ಬರೆದು ಮುಗಿಸುವಂಥವು. ಒಂದೇ ಪುಸ್ತಿಕೆಯ ಮೇಲೆ ನಾಲ್ಕು ತಲೆ ಬಗ್ಗುವುದು ಕಷ್ಟ, ಎರಡು ಮೂರು ಜನ ಸಾಕು. ಪ್ರತಿ ಒಗಟಿಗೂ ಮೂರು ಸಹಾಯದ ಎಲೆ ಇರುತ್ತವೆ, ಮೂರನೆಯದು ಉತ್ತರವೇ. ಎಂಟು ನಿಮಿಷ ಯಾರಿಗೂ ಏನೂ ಹೊಳೆಯದಿದ್ದರೆ ಮೊದಲನೆಯದನ್ನು ಬಿಚ್ಚಿ. ಅದು ಈ ಒಗಟಿಗೆ ಬೇಕಾದ ಸಾಮಾನು ನಿಮ್ಮ ಬಳಿ ಇದೆಯೇ ಎಂದಷ್ಟೇ ಹೇಳುತ್ತದೆ, ಅರ್ಧ ಸಲ ಸಿಕ್ಕಿಬೀಳುವುದೂ ಅಲ್ಲೇ. ಅನ್‌ಲಾಕ್ ಇದೇ ಜಾತಿಯದು, ಆದರೆ ಏನನ್ನೂ ಕತ್ತರಿಸಬೇಕಿಲ್ಲ. 60 ಎಲೆ ಮತ್ತು ಮೊಬೈಲ್ ಆ್ಯಪ್, ತಪ್ಪು ಜೋಡಿಸಿದರೆ ನಿಮಿಷ ಕಳೆಯುತ್ತದೆ. ಮೊಬೈಲು ಹಿಡಿದವರೇ ಯಜಮಾನರಾಗಿಬಿಡುವುದರಿಂದ ಅದನ್ನು ಅತಿ ಕಡಿಮೆ ಮಾತಾಡುವವರ ಕೈಗೆ ಕೊಡಿ.

ಎಕ್ಸಿಟ್ ಬಿಟ್ಟು ಉಳಿದೆಲ್ಲವನ್ನೂ ಆಡಿ ಮುಗಿಸಿ ಇನ್ನೊಂದು ಮನೆಗೆ ದಾಟಿಸಬಹುದು. ಕೊಡುವ ಮುಂಚೆ ಚೀಟಿಗಳನ್ನು ಪ್ರಕರಣದ ಸಂಖ್ಯೆಯಂತೆ ಜೋಡಿಸಿ, ಟಿಪ್ಪಣಿ ಹಾಳೆಗಳನ್ನು ಪೆಟ್ಟಿಗೆಯಿಂದ ತೆಗೆದುಹಾಕಿ, ಮೈಕ್ರೋಮ್ಯಾಕ್ರೋ ನಕ್ಷೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೊಲೆಯಾದ ಜಾಗದಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕೆ ಉಳಿದಿದ್ದರೂ ಮುಂದಿನವರಿಗೆ ಆ ಪ್ರಕರಣ ಕೆಟ್ಟಂತೆ.